ತಳದಲ್ಲಿದ್ದ ತುದಿ

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ತನ್ನದಲ್ಲವೆಂದು ಅವಳಿಗೆ ಹೊಳೆದದ್ದು. "ಕಂಡಿದ್ದನ್ನೆಲ್ಲ ಬರೀಬಾರದು, ಇರೋದನ್ನ ಬರಿ" ಎಂದಿದ್ದಳು. ಹಿಂದಿನ ಬೆಂಚುಗಳಿಂದ ಕಿಸಕ್ಕೆಂದು ನಗು ಎದ್ದಿತು. ಎದುರಿಗೆ ನಿಂತಿದ್ದ ಹುಡುಗಿ ಹಾಳೆಯನ್ನು ಎದೆಗೆ ಅವಚಿಕೊಂಡು, ತಾನು ಮಾಡಿದ ತಪ್ಪು ಯಾವುದೆಂದು ತಿಳಿಯದವಳಂತೆ ತನ್ನ ಜಾಗಕ್ಕೆ ಹೋಗಿ ಕೂತಳು. 'ಇರೋದನ್ನ' ಎನ್ನುವಾಗ ದನಿ ತಾನಾಗಿ ತಗ್ಗಿತ್ತು. ಹಾಗೆ ತಗ್ಗಿಸುತ್ತಿದ್ದದ್ದು ಅಪ್ಪ. ಇದೇ ಪ್ರಯೋಗಾಲಯದಲ್ಲಿ, ಇದೇ ಮೇಜಿಗೆ ಸೊಂಟ ಒರಗಿಸಿ ನಿಂತು, ಅಪ್ಪ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅವಳಿಗೂ ಕಲಿಸಿದ್ದರು. ತಾನು ಈಗ ಮೇಜಿಗೆ ಸೊಂಟ ಒರಗಿಸಿ ನಿಂತಿರುವುದನ್ನು ಗಮನಿಸಿ ಅವಳು ನೆಟ್ಟಗಾದಳು. ಕೈಯಲ್ಲಿ ಕೆಂಪು ಪೆನ್ಸಿಲ್ ಇತ್ತು. ಹುಡುಗಿಯ ಹಾಳೆಯ ಅಂಚಿನಲ್ಲಿ ಅದೇ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಅಡ್ಡಗೀಟು ಹಾಕಲಿಲ್ಲವಲ್ಲ, ಬರೀ ಪ್ರಶ್ನೆ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಆಗಲಿಲ್ಲ.

ಅವತ್ತಿನ ಪಾಠ ಪುಷ್ಪಪೀಠ. ಹೂವಿನ ತೊಟ್ಟು ಮೇಲೇರಿ, ತುದಿಯಲ್ಲಿ ತುಸು ಉಬ್ಬಿ, ದಳಗಳಿಗೆ, ಕೇಸರಗಳಿಗೆ, ಅಂಡಾಶಯಕ್ಕೆ ಕೂರಲು ಜಾಗ ಕೊಡುತ್ತದಲ್ಲ, ಆ ಉಬ್ಬಿನ ಹೆಸರು. ಹೂವನ್ನು ಬಿಡಿಸಿ ಭಾಗಗಳನ್ನು ಒಂದೊಂದಾಗಿ ಹಾಳೆಗೆ ಅಂಟಿಸುವುದು ಅಲ್ಲಿಯ ಹಳೆಯ ಪದ್ಧತಿ. ಎಲ್ಲ ಕಿತ್ತು ಅಂಟಿಸಿದ ಮೇಲೆ ಬೆರಳುಗಳ ನಡುವೆ ಉಳಿಯುವುದೇ ಪೀಠ. ಅದನ್ನು ಮಾತ್ರ ಯಾರೂ ಅಂಟಿಸುವುದಿಲ್ಲ, ಕಸದ ತಟ್ಟೆಗೆ ಎಸೆದು ಕೈ ಒರೆಸಿಕೊಳ್ಳುತ್ತಾರೆ. ಪ್ರತಿ ವರ್ಷ ಈ ಪಾಠದ ದಿನ ಅವಳು ಆ ತಟ್ಟೆಯನ್ನೇ ಎತ್ತಿ ಎಲ್ಲರ ಎದುರಿಗಿಟ್ಟು, ಇವತ್ತು ನೀವು ಬಿಸಾಡಿದ್ದನ್ನೇ ನೋಡೋಣ ಎನ್ನುತ್ತಾಳೆ. ತಾವರೆಯಲ್ಲಿ ಇದು ಅಗಲವಾಗಿ ಬಲಿತು, ತೂತು ತೂತಾಗಿ, ಒಂದೊಂದು ತೂತಿನಲ್ಲಿ ಒಂದೊಂದು ಬೀಜವನ್ನು ಕೂರಿಸಿಕೊಂಡು ಒಣಗಿದ ಮೇಲೆ ಗಿಲಿಕೆಯಾಗುತ್ತದೆ. ಸ್ಟ್ರಾಬೆರಿಯಲ್ಲಿ ಊದಿಕೊಂಡು, ಕೆಂಪಾಗಿ, ರಸ ತುಂಬಿ, ಹಣ್ಣೆಂಬ ಹೆಸರನ್ನು ತಾನೇ ಹೊಡೆದುಕೊಳ್ಳುತ್ತದೆ; ನಿಜವಾದ ಹಣ್ಣುಗಳು ಹಲ್ಲಿಗೆ ಸಿಕ್ಕಿಕೊಳ್ಳುವ ಆ ಸಣ್ಣ ಕಾಳುಗಳು. ಸೂರ್ಯಕಾಂತಿಯಲ್ಲಿ ತಟ್ಟೆಯಾಗಿ ಹರಡಿ ನೂರಾರು ಹೂಗಳಿಗೆ ನೆಲವಾಗುತ್ತದೆ. ಸಂಪಿಗೆಯಲ್ಲಿ ಕಡ್ಡಿಯಾಗಿ ಬೆಳೆಯುತ್ತದೆ. ಅಂಜೂರದಲ್ಲಿ ಹೂಗಳನ್ನೆಲ್ಲ ಒಳಗೆ ಸೇರಿಸಿಕೊಂಡು ಬಾಯಿ ಮುಚ್ಚಿಬಿಡುತ್ತದೆ, ಅಲ್ಲಿಯ ಹೂಗಳಿಗೆ ಬಿಸಿಲೆಂದರೇನೆಂದೇ ಗೊತ್ತಿಲ್ಲ. ಒಂದು ತೊಟ್ಟಿನ ತುದಿ, ಅಷ್ಟೇ. ಅದು ಏನೆಲ್ಲ ಆಗಬಲ್ಲದು. ಇಷ್ಟು ವರ್ಷ ಹೇಳಿ ಹೇಳಿ ಹಳತಾಗಬೇಕಿದ್ದ ಮಾತು, ಹೇಳುವಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತದೆ. ಮಕ್ಕಳಲ್ಲಿ ಯಾರಿಗೂ ಹಾಗೆ ಅನ್ನಿಸಿದಂತೆ ಕಾಣುವುದಿಲ್ಲ. ಸ್ಟ್ರಾಬೆರಿಯ ವಿಷಯಕ್ಕೆ ಮಾತ್ರ ಒಂದಿಬ್ಬರು ಮೋಸ ಹೋದವರಂತೆ ಮುಖ ಮಾಡುತ್ತಾರೆ.

ಕೊನೆಗೆ ಗುಲಾಬಿ. ಗುಲಾಬಿಯಲ್ಲಿ ಪೀಠ ಪುಟ್ಟ ಹೂಜಿಯ ಹಾಗೆ. ಹೂಜಿಯ ಬಾಯಿಯ ಅಂಚಿನ ಮೇಲೆ ದಳಗಳು, ಒಳಗೆ ಗೋಡೆಯಲ್ಲೂ ತಳದಲ್ಲೂ ಅಂಡಾಶಯಗಳು. ಉದ್ದಕ್ಕೆ ಸೀಳಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ನೀರು ಸಾಗಿಸುವ ನಾಳಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಬರೆಯಬೇಕು. ಬರೆಯುವುದೇನು, ಗೋಡೆಯ ಮೇಲೆ ಚಾರ್ಟ್ ಇದೆಯಲ್ಲ. ಬಟ್ಟೆಗೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಅಪ್ಪ ಪ್ರಾಯದಲ್ಲಿ ಬರೆದ ಗುಲಾಬಿ. ತೊಟ್ಟಿನಿಂದ ಬಂದ ನಾಳಗಳು ಹೂಜಿಯ ಬುಡದಲ್ಲಿ ಕವಲೊಡೆದು, ಹತ್ತಿರದ ದಾರಿ ಹಿಡಿದು, ನೆಟ್ಟಗೆ ಒಂದೊಂದು ಅಂಡಾಶಯವನ್ನೂ ಸೇರುತ್ತವೆ. ಎಲ್ಲೂ ಅಳುಕಿಲ್ಲದ ಗೆರೆ. ಅದಕ್ಕೆ ಕಾಲೇಜಿನಲ್ಲಿ 'ಮೇಷ್ಟ್ರ ಗೆರೆ' ಎಂದೇ ಹೆಸರು. ತಲೆಮಾರುಗಟ್ಟಲೆ ಮಕ್ಕಳು ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು, ಚಾರ್ಟಿಗೆ ಒಂದು ಕಣ್ಣು ಕೊಟ್ಟು ಆ ಗೆರೆಯನ್ನೇ ಇಳಿಸಿಕೊಂಡು ಪಾಸಾಗಿದ್ದಾರೆ. ಈ ಹುಡುಗಿ ಇಳಿಸಿಕೊಳ್ಳಲಿಲ್ಲ. ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಒತ್ತಿ ಬರೆಯುವ ಇವಳಿಗೆ ಸಹಪಾಠಿಗಳು 'ಕೊರೆಯೋಳು' ಎಂದು ಅಡ್ಡಹೆಸರಿಟ್ಟಿದ್ದರು. ಇವಳ ಚಿತ್ರದಲ್ಲಿ ನಾಳಗಳು ಅಂಡಾಶಯಗಳ ಪಕ್ಕದಲ್ಲೇ ಹಾದು, ಅವನ್ನು ಕಂಡೂ ಕಾಣದಂತೆ ಗೋಡೆಯೊಳಗೆ ಮೇಲೆ ಮೇಲೆ ಹತ್ತಿ, ಅಂಚಿನ ಹತ್ತಿರ ಬಾಗಿ, ಒಳಮೈಯಲ್ಲಿ ಮತ್ತೆ ಕೆಳಗಿಳಿದಿದ್ದವು. ಅವಳು ಚಾರ್ಟಿನ ಕಡೆ ನೋಡಿದ್ದಳು. ಹುಡುಗಿಯೂ ನೋಡಿದ್ದಳು. ಆಗ ಆ ಮಾತು.

ಆ ಚಾರ್ಟಿನ ಕೆಳಗೆ ಬಡಗಿಯೊಬ್ಬ ಸ್ಟೂಲಿನ ಮೇಲೆ ನಿಂತು ಅಳತೆ ತೆಗೆದುಕೊಳ್ಳುತ್ತಿದ್ದ. ಚಾರ್ಟಿಗೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಮುಂದಿನ ವಾರ ಕಾಲೇಜಿನ ಹಜಾರದಲ್ಲಿ ಅಪ್ಪನ ಕೈಯಿಂದಲೇ ಅನಾವರಣ ಮಾಡಿಸುವುದೆಂದು ನಿಶ್ಚಯವಾಗಿತ್ತು. ವಿಭಾಗದ ಮುಖ್ಯಸ್ಥ ಅವಳಿಗಿಂತ ಎಷ್ಟೋ ಚಿಕ್ಕವನು. ಬಡಗಿಗೆ ಅವಳನ್ನು ಪರಿಚಯಿಸುತ್ತ, ಇವರು ನಮ್ಮ ಮೇಷ್ಟ್ರ ಮಗಳು ಎಂದ. ಕೂದಲು ನರೆತಿದೆ, ಅಪ್ಪನಷ್ಟೇ ವರ್ಷ ಪಾಠ ಮಾಡಿಯೂ ಆಗಿದೆ, ಆದರೂ ಈ ಕಟ್ಟಡದಲ್ಲಿ ತನ್ನ ಹುದ್ದೆ ಮಗಳು ಎಂಬುದೇ. ಅವಳು ನಕ್ಕಳು. ಇಂಥ ಸಂದರ್ಭಗಳಿಗೆಂದೇ ಅವಳ ಬಳಿ ಒಂದು ನಗುವಿತ್ತು, ಕೊಡೆಯಂತೆ ಬಿಚ್ಚಿ ಮಡಿಸಬಹುದಾದದ್ದು. ಬಡಗಿ ಅಳತೆಪಟ್ಟಿಯನ್ನು ಗುಲಾಬಿಯ ಮೇಲೆ ಅಡ್ಡಲಾಗಿ ಹಿಡಿದಾಗ ಅದರ ಹಳದಿ ಪಟ್ಟಿ ಸರಿಯಾಗಿ ಹೂಜಿಯ ಅಂಚನ್ನು ಮುಚ್ಚಿತು. ಅಲ್ಲಿಯೇ, ಆ ಪಟ್ಟಿಯ ಕೆಳಗೇ ನಾಳ ಬಾಗಿತ್ತು. ಎಲ್ಲಿ ಬಾಗಿತ್ತು? ಹುಡುಗಿಯ ಹಾಳೆಯಲ್ಲಿ. ಅಲ್ಲ, ಅದಕ್ಕೂ ಮೊದಲು, ತಾನೇ ಇಲ್ಲಿ ಓದುತ್ತಿದ್ದಾಗ. ಕಿಟಕಿಯ ಪಕ್ಕದ ಮೂರನೇ ಬೆಂಚು, ಬೆವರಿದ ಹಣೆಗೆ ಅಂಟಿದ ಕೂದಲು, ಎರಡು ಜಡೆ, ಕಣ್ಣಿಗೆ ಒತ್ತಿಹಿಡಿದ ಸೂಕ್ಷ್ಮದರ್ಶಕದ ತಣ್ಣನೆಯ ಬಳೆ. ಗೋಡೆಯೊಳಗೆ ಕೆಂಪು ಎಳೆಯೊಂದು ಹತ್ತಿ, ಬಾಗಿ, ಇಳಿಯುತ್ತಿದೆ. ಎದೆ ಹೊಡೆದುಕೊಳ್ಳುತ್ತಿದೆ, ಯಾರಿಗಾದರೂ ಹೇಳಬೇಕು, ಮೊದಲು ಅಪ್ಪನಿಗೆ. ಅಪ್ಪ ಹಾಳೆ ಎತ್ತಿ ನೋಡಿದರು. ಕಾಲೇಜಿನಲ್ಲಿ ಅಪ್ಪ ಎನ್ನಬಾರದು, ಸರ್ ಎನ್ನಬೇಕು ಎಂಬ ಕರಾರಿತ್ತು. ಕೆಂಪು ಪೆನ್ಸಿಲಿನಿಂದ ಓರೆಯಾಗಿ ಒಂದೇ ಗೀಟು, ಮೇಷ್ಟ್ರ ಗೀಟು, ಎಲ್ಲೂ ಅಳುಕಿಲ್ಲದ್ದು. ಮಗಳಿಗೆ ವಿನಾಯಿತಿ ಇಲ್ಲವೆಂದು ಎಲ್ಲರಿಗೂ ತೋರಬೇಕಿತ್ತೇನೋ, ಹಾಳೆಯನ್ನು ಎತ್ತಿ ಹಿಡಿದೇ ಆ ಮಾತು ಹೇಳಿದ್ದರು. ಮನೆಗೆ ಬಂದ ಮೇಲೆ ಆ ವಿಷಯ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅಂದಿನಿಂದ ಅವಳ ಕಣ್ಣು ಸೂಕ್ಷ್ಮದರ್ಶಕದಲ್ಲಿ ಏನು ಕಾಣಬೇಕೋ ಅದನ್ನು ಕಾಣಲು ಕಲಿಯಿತು. ಒಳ್ಳೆಯ ಅಂಕ ಬಂತು, ಕೆಲಸ ಸಿಕ್ಕಿತು.

ಊಟದ ಹೊತ್ತಿಗೆ ಪ್ರಯೋಗಾಲಯ ಖಾಲಿಯಾಯಿತು. ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಅವಳು ಬಾಗಿಲಿಗೆ ಚಿಲಕ ಹಾಕಿ, ಕಸದ ತಟ್ಟೆಯಿಂದಲೇ ಒಂದು ಎಳೆಯ ಮೊಗ್ಗಿನ ಪೀಠವನ್ನು ಆರಿಸಿಕೊಂಡಳು. ಇಷ್ಟು ವರ್ಷ ಮಕ್ಕಳಿಗೆ ಕೊಯ್ದು ಕೊಡುವಾಗ ಕೈ ತನ್ನಷ್ಟಕ್ಕೆ ಕೊಯ್ಯುತ್ತಿತ್ತು, ಕಣ್ಣು ಅಂದಾಜು ಮಾಡಿ ಮುಂದಕ್ಕೆ ಹೋಗುತ್ತಿತ್ತು. ಇವತ್ತು ಕೈ ಹಿಡಿತ ತಪ್ಪುತ್ತಿತ್ತು. ಮೊದಲ ಸೀಳು ದಪ್ಪ. ಎರಡನೆಯದು ನಡುವಿನಿಂದ ಜಾರಿ ಓರೆಯಾಯಿತು. ಹೀಗೆ ಓರೆಯಾದ ಸೀಳಿನಲ್ಲೇ ಇಲ್ಲದ್ದು ಇದ್ದಂತೆ ಕಾಣುವುದು ಎಂದು ಅಪ್ಪ ಹೇಳುತ್ತಿದ್ದರು, ಹುಡುಗಿಗೂ ಹಾಗೇ ಆಗಿರಬೇಕು, ತನಗೂ ಅವತ್ತು ಹಾಗೇ ಆಗಿತ್ತೇನೋ. ಹಾಗೇ ಆಗಿರಲಿ ಎಂದು ಒಳಗೊಳಗೇ ಬಯಸುತ್ತಿದ್ದೇನೆಂಬುದು ಅವಳಿಗೆ ಗೊತ್ತಿತ್ತು. ಆಗಿದ್ದರೆ ಚಾರ್ಟಿಗೆ ನಿಶ್ಚಿಂತೆಯಿಂದ ಗಾಜು ಹಾಕಬಹುದು, ಮನೆಯಲ್ಲಿ ಅಪ್ಪ ಬ್ರಷ್ ಹೊಡೆಸಿಟ್ಟುಕೊಂಡ ಕೋಟನ್ನು ಹಾಕಿಕೊಳ್ಳಬಹುದು, ತಾನು ಆ ನಗು ಬಿಚ್ಚಿಕೊಂಡು ಪಕ್ಕದಲ್ಲಿ ನಿಲ್ಲಬಹುದು. ಮೂರನೆಯ ಸೀಳು ನೀರಿನ ಮೇಲೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ತೇಲಿತು. ಬಣ್ಣದಲ್ಲಿ ಅದ್ದಿ, ತೊಳೆದು, ಗಾಜಿನ ಮೇಲಿಟ್ಟು, ಕಣ್ಣಿಟ್ಟಳು.

ಮೊದಲಿಗೆ ಬರೀ ಕೆಂಪು ಮಬ್ಬು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಮಬ್ಬು ಒಡೆದು ಎಳೆಗಳಾಯಿತು. ತೊಟ್ಟಿನಿಂದ ಬಂದ ನಾಳ ಹೂಜಿಯ ಗೋಡೆಯನ್ನು ಹಿಡಿದು ಹತ್ತಿತು. ಎಡಗೈಯಿಂದ ಗಾಜನ್ನು ಸರಿಸುತ್ತ ಅವಳೂ ಅದರ ಜೊತೆ ಹತ್ತಿದಳು. ಅಂಡಾಶಯ ಪಕ್ಕದಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾಳ ನಿಲ್ಲಲಿಲ್ಲ. ಮೇಲಕ್ಕೆ, ಇನ್ನೂ ಮೇಲಕ್ಕೆ, ದಳಗಳಿಗೊಂದು ಕವಲು ಕೊಟ್ಟು, ಕೇಸರಗಳಿಗೊಂದು ಕವಲು ಕೊಟ್ಟು, ಅಲ್ಲಿ, ಅಂಚಿನ ಕೆಳಗೆ, ಬಾಗಿತು. ಬಾಗಿ ಇಳಿಯಿತು. ಬಂದ ದಾರಿಯ ಪಕ್ಕದಲ್ಲೇ, ಒಳಮೈಗುಂಟ, ಅಷ್ಟೂ ಎತ್ತರವನ್ನು ಮತ್ತೆ ಇಳಿದು ಅಂಡಾಶಯದೊಳಗೆ ಹೋಯಿತು.  ಇನ್ನೊಂದು ಪೀಠವನ್ನು ಅಡ್ಡಲಾಗಿ ಕೊಯ್ದಳು. ಗೋಡೆಯಲ್ಲಿ ನಾಳಗಳ ಎರಡು ಸುತ್ತು. ಹೊರಸುತ್ತಿನವು ಎಲ್ಲ ತೊಟ್ಟುಗಳಲ್ಲಿ ಇರುವಂತೆಯೇ ಇದ್ದವು. ಒಳಸುತ್ತಿನವು ಮಗುಚಿ ಕೂತಿದ್ದವು, ಒಳಗಿರಬೇಕಾದ ಬದಿ ಹೊರಗೆ, ಹೊರಗಿರಬೇಕಾದದ್ದು ಒಳಗೆ, ತೊಳೆಯಲು ಹಾಕಿದ ಕಾಲುಚೀಲದ ತುದಿ ಒಳಕ್ಕೆ ಸೇರಿಕೊಂಡಾಗ ಅದರ ಹೆಣಿಗೆ ಉಲ್ಟಾ ಆಗುವ ಹಾಗೆ. ಒಮ್ಮೆಲೇ ಅವಳಿಗೆ ಇಡೀ ಸಂಗತಿ ಹೊಳೆಯಿತು. ತೊಟ್ಟು ಬೆಳೆಯುತ್ತ ಬೆಳೆಯುತ್ತ ತನ್ನ ತುದಿಯನ್ನೇ ಒಳಕ್ಕೆ ಎಳೆದುಕೊಂಡಿದೆ. ಹೂಜಿ ಬೇರೇನೂ ಅಲ್ಲ, ಮುಳುಗಿದ ತುದಿ. ಈ ಹೊಂಡದ ತಳದಲ್ಲಿ, ಎಲ್ಲಕ್ಕಿಂತ ಕೆಳಗೆ ಇರುವ ಚುಕ್ಕೆಯೇ ಎಲ್ಲಕ್ಕಿಂತ ಮೇಲಿರಬೇಕಾಗಿದ್ದದ್ದು. ಗಿಡ ಇವತ್ತಿಗೂ ಅದನ್ನು ಮರೆತಿಲ್ಲ. ತುದಿ ಮುಳುಗಿದರೂ ನೀರು ಹಳೆಯ ದಾರಿಯನ್ನೇ ಹಿಡಿದು, ಹತ್ತಿ ಇಳಿದು ಬರುತ್ತದೆ, ಒಂದು ಹೂವಿನಲ್ಲೂ ಅಡ್ಡದಾರಿ ಹಿಡಿಯುವುದಿಲ್ಲ. ಲೋಕದ ಗುಲಾಬಿಗಳಲ್ಲೆಲ್ಲ, ಈ ಕ್ಷಣದಲ್ಲಿ, ಯಾರೂ ನೋಡದೆ, ಹೀಗೆ. ಅವಳ ಕಣ್ಣು ತುಂಬಿ ಸೂಕ್ಷ್ಮದರ್ಶಕದ ಗಾಜು ಮಂಜಾಯಿತು. ಇದಕ್ಕೆ ಅಳುವುದೇ ಎಂದು ನಾಚಿಕೆಯಾಯಿತು, ಆದರೂ ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು, ಮತ್ತೆ ಮತ್ತೆ ನೋಡಿದಳು. ಡಬ್ಬಿಯಲ್ಲಿದ್ದ ಊಟ ಹಾಗೇ ತಣ್ಣಗಾಯಿತು.

ಹುಡುಗಿ ಸಿಕ್ಕಿದ್ದು ಸಂಜೆ, ಬಸ್ ಸ್ಟಾಪಿನಲ್ಲಿ. ತನ್ನನ್ನು ಹುಡುಕಿಕೊಂಡು ಮೇಡಂ ಬೀದಿಯವರೆಗೂ ಬಂದಿದ್ದಾರೆಂದರೆ ಎಂಥ ಕಷ್ಟ ಬಂತೋ ಎಂದು ಅವಳ ಮುಖ ಬಿಳಿಚಿತು. ಆ ಚಿತ್ರ ಎಲ್ಲಿ ಎಂದು ಇವಳು ಕೇಳುವ ಮೊದಲೇ ಚೀಲದಿಂದ ಹಾಳೆ ತೆಗೆದು, "ಸರಿ ಮಾಡಿದೀನಿ ಮೇಡಂ" ಎಂದಳು. ಸರಿಯಾಗಿಯೇ ಇತ್ತು. ಚಾರ್ಟಿನಲ್ಲಿದ್ದಂತೆ ನಾಳಗಳು ಬುಡದಲ್ಲಿ ಕವಲೊಡೆದು ನೆಟ್ಟಗೆ ಅಂಡಾಶಯಗಳಿಗೆ ಹೋಗಿದ್ದವು. ಗೆರೆ ಹಗುರವಾಗಿತ್ತು, ಹೆದರಿದ ಕೈಯ ಗೆರೆ. ಅಂಚಿನಲ್ಲಿ ಕೆಂಪು ಪ್ರಶ್ನೆ ಮಾತ್ರ ಉಳಿದಿತ್ತು.

"ಮೊದಲು ಬರ್ದಿದ್ದು?"

"ಅಳಿಸಿಬಿಟ್ಟೆ ಮೇಡಂ. ನನಗೇನೋ ಹಾಗೆ ಕಾಣಿಸ್ತು. ನಾನು ಕೊಯ್ದಿದ್ದೇ ಸರಿ ಇರ್ಲಿಲ್ಲ ಅನ್ಸುತ್ತೆ."

ನೀನು ಕೊಯ್ದದ್ದು ಸರಿಯಾಗಿಯೇ ಇತ್ತು, ನಾನೂ ಕೊಯ್ದು ನೋಡಿದೆ, ನಿನ್ನ ಕಣ್ಣೇ ಸರಿ, ತಪ್ಪಾಗಿದ್ದು ನನ್ನದು ಎಂದು ಅವಳು ಹೇಳಿದಳು.  ಹುಡುಗಿಗೆ ಸಂತೋಷವಾದಂತೆ ಕಾಣಲಿಲ್ಲ, ಗಾಬರಿಯಾಯಿತು. ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಎಂದು ಕೇಳಿದಳು. ನೀನು ಕಂಡಿದ್ದನ್ನ ಎಂದು ಇವಳು ಹೇಳುವಷ್ಟರಲ್ಲಿ ಬಸ್ಸು ಬಂತು. ಹಾಳೆ ನನ್ನ ಹತ್ತಿರ ಇರಲಿ, ನಾಳೆ ಕೊಡುತ್ತೇನೆ ಎಂದಳು. ಬಸ್ಸು ಹೋದ ಮೇಲೆ ಹಾಳೆಯನ್ನು ಇಳಿಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದಳು. ಅಳಿಸಿದ ಗೆರೆಯ ಬಣ್ಣ ಹೋಗಿತ್ತು, ಗೆರೆ ಹೋಗಿರಲಿಲ್ಲ. ಒತ್ತಿ ಬರೆದದ್ದರಿಂದ ಕಾಗದದಲ್ಲಿ ಕಾಲುವೆಯಾಗಿ ನಿಂತಿತ್ತು.

ಮನೆಯಲ್ಲಿ ಅಪ್ಪ ಎಂದಿನಂತೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಅವರ ಕಣ್ಣಿನ ನಡುಭಾಗ ಸವೆದುಹೋಗಿ ಅಂಚು ಮಾತ್ರ ಉಳಿದಿತ್ತು. ಎದುರಿಗೆ ಬಂದವರ ಕಿವಿ, ಭುಜ ತೋರುತ್ತಿತ್ತು, ಮುಖವಿರಬೇಕಾದ ಕಡೆ ಬೂದು. ಕಿವಿ ಬಂತು, ಮುಖ ಎಲ್ಲಿ ಬಿಟ್ಟು ಬಂದೆ ಎಂದು ಅವಳನ್ನು ದಿನಾ ತಮಾಷೆ ಮಾಡುವರು. ದಿನಾ ಕೇಳುವ ಒಂದು ಪ್ರಶ್ನೆಯೂ ಇತ್ತು, ಇವತ್ತು ಏನು ಕೊಯ್ದೆ ಎಂಬುದು. ಅವಳು ಕೊಯ್ದದ್ದನ್ನು ಗೆರೆ ಗೆರೆಯಾಗಿ ಹೇಳುತ್ತ ಹೋದರೆ ಅವರು ತಲೆಯಾಡಿಸುತ್ತ ಒಳಗೇ ಬರೆದುಕೊಳ್ಳುತ್ತಿದ್ದರು. ದಿನಕ್ಕೊಂದು ಚಿತ್ರ. ಅವರಿಗೆ ಉಳಿದಿದ್ದ ನೋಟವೆಂದರೆ ಅದೇ. ಇವತ್ತು ಗುಲಾಬಿ ಎಂದಳು. ಅವರ ಮುಖ ಅರಳಿತು. ಬೇಡ, ನೀನು ಹೇಳಬೇಡ, ನಾನೇ ಹೇಳುತ್ತೇನೆ ಎಂದು ಗಾಳಿಯಲ್ಲಿ ಬೆರಳಾಡಿಸುತ್ತ ತಮ್ಮ ಚಾರ್ಟನ್ನು ತೊಟ್ಟಿನಿಂದ ದಳದವರೆಗೆ ಒಪ್ಪಿಸಿದರು. ಒಂದು ಗೆರೆಯೂ ತಪ್ಪಲಿಲ್ಲ. ಕೋಟು ಗೂಟದಲ್ಲಿ ತೂಗುತ್ತಿತ್ತು. ಮುಂದಿನ ವಾರ ಏನು ಮಾತಾಡಬೇಕೆಂದು ಯೋಚಿಸಿಟ್ಟುಕೊಂಡಿದ್ದೇನೆ, ಚಿಕ್ಕದಾಗಿ ಮುಗಿಸುತ್ತೇನೆ ಎಂದರು. ಚಹಾ ಮಾಡುವ ನೆಪದಲ್ಲಿ ಅವಳು ಒಳಗೆ ಹೋದಳು. ಹೋಗುವಾಗ ಹುಡುಗಿಯ ಹಾಳೆಯನ್ನು ಮೇಜಿನ ಮೇಲೆ ಅವರ ಕೈಗೆ ಎಟಕುವಲ್ಲಿ ಇಟ್ಟಳು. ಬೇಕೆಂದೇ ಇಟ್ಟೆನೇ, ಸುಮ್ಮನೆ ಇಟ್ಟೆನೇ ಎಂದು ನೀರು ಕುದಿಯುವವರೆಗೂ ಕೇಳಿಕೊಂಡಳು. ಹೇಳಿದರೆ ಅವರ ತಲೆಯೊಳಗೆ ಉಳಿದ ಆ ಒಂದು ಗೋಡೆಯಿಂದಲೂ ಚಿತ್ರ ಕಿತ್ತಂತೆ. ಹೇಳದಿದ್ದರೆ ನಾಳೆಯಿಂದ ತನ್ನ ಕಣ್ಣಿಗೆ ತಾನು ಏನೆಂದು ಉತ್ತರ ಕೊಡುವುದು?

ಲೋಟ ಹಿಡಿದು ಬಂದಾಗ ಅಪ್ಪನ ಬೆರಳುಗಳು ಹಾಳೆಯ ಮೇಲೆ ನಡೆಯುತ್ತಿದ್ದವು. ಮಕ್ಕಳ ಹಾಳೆ ಸಿಕ್ಕರೆ ಸವರಿ, ಈಗಿನ ಕಾಗದ ಸಿಗರೇಟಿನ ಕಾಗದವಾಗಿದೆ ಎಂದು ಬೈಯುವುದು ಅವರ ಅಭ್ಯಾಸ. ಇವತ್ತು ಬೈಯಲಿಲ್ಲ. ತೋರುಬೆರಳು ಒಂದು ಕಡೆ ನಿಂತು, ಹಿಂದೆ ಹೋಗಿ, ಮತ್ತೆ ಬಂತು.

"ಇಲ್ಲೊಂದು ಗೆರೆ ಇದೆ. ಅಳಿಸಿದಾರೆ. ಮೇಲಕ್ಕೆ ಹೋಗಿ ಬಾಗಿದೆ. ಯಾಕೆ ಅಳಿಸಿದ್ದು?"

"ನಿಮ್ಮ ಚಾರ್ಟ್‌ನಲ್ಲಿ ಹಾಗಿಲ್ಲ ಅಂತ, ಅಪ್ಪ."

ಅಪ್ಪ ಬೆರಳು ತೆಗೆಯಲಿಲ್ಲ. ಓರೆ ಸೀಳಾಗಿರಬೇಕು ಎಂದರು. ಅಲ್ಲ ಎಂದಳು. ಎಳೆಯ ಮೊಗ್ಗಾ ಎಂದರು. ಹೌದು, ಅಡ್ಡ ಸೀಳೂ ನೋಡಿದೆ, ಒಳಸುತ್ತಿನ ನಾಳಗಳೆಲ್ಲ ಮಗುಚಿವೆ ಎಂದಳು. ಮಗುಚುವುದು ಎಂದರೇನು ಎಂದು ಅವರು ಗದರಿದರು, ಹಳೆಯ ತರಗತಿಯ ದನಿ. ಅವಳಿಗೆ ಮಾತಿನಲ್ಲಿ ಹೇಳಲು ಬರಲಿಲ್ಲ. ಬಾಗಿ ಅವರ ಕಾಲಿನಿಂದ ಉಣ್ಣೆಯ ಕಾಲುಚೀಲ ಎಳೆದಳು. ಇದೇನು ಮಾಡುತ್ತಿದ್ದೀಯ, ಚಳಿ ಎಂದರು. ಅದರ ತುದಿಯನ್ನು ಒಳಕ್ಕೆ ನೂಕಿ, ಹೂಜಿಯಂತೆ ಮಾಡಿ, ಅವರ ತೋರುಬೆರಳನ್ನು ಹೆಣಿಗೆಯಲ್ಲಿ ಉದ್ದಕ್ಕೆ ಉಬ್ಬಿನಿಂತ ಒಂದು ಏಣಿನ ಮೇಲಿಟ್ಟು, ಇದನ್ನು ಬಿಡದೆ ಹಿಡಿದು ಹೋಗಿ ಎಂದಳು. ಬೆರಳು ಹೊರಮೈಯಲ್ಲಿ ಹತ್ತಿತು. ಅಂಚಿನಲ್ಲಿ ಬಾಗಿತು. ಒಳಕ್ಕೆ ಇಳಿಯಿತು. ತಳದಲ್ಲಿ ಹೋಗಿ ನಿಂತಿತು. ಅಪ್ಪನ ಬಾಯಿ ಅರ್ಧ ತೆರೆದಿತ್ತು. ಇಷ್ಟು ಹೊತ್ತು ಅವಳು ಹೆದರಿದ್ದ ನೋವು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರ ಮುಖ ಅದು.

"ಹಾಗಾದ್ರೆ ತೊಟ್ಟಿನ ತುದಿ..."

"ನಿಮ್ಮ ಬೆರಳು ನಿಂತಿದೆಯಲ್ಲ, ಅದೇ."

"ತಳದಲ್ಲಿ" ಎಂದರು ಅಪ್ಪ. ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಮತ್ತೆ ಹೊರಗಿನಿಂದ ಶುರುಮಾಡಿ ಹತ್ತಿ ಇಳಿದರು, ಇನ್ನೊಂದು ಏಣು ಹಿಡಿದು ಹತ್ತಿ ಇಳಿದರು. ಎಂಥ ಕೆಲಸ ಮಾಡಿದೆ ನೋಡು ಈ ಗಿಡ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಜೀವಮಾನವೆಲ್ಲ ಮೇಲೆ ಹುಡುಕಿದೆನಲ್ಲ ಎಂದು ನಕ್ಕರು. ಆ ನಗುವಿನಲ್ಲೇ, ಯಾವ ಎಚ್ಚರಿಕೆಯೂ ಇಲ್ಲದೆ, ಅವಳ ಕಿವಿಯ ಕಡೆ ತಿರುಗಿ ಕೇಳಿದರು:

"ನೀನು ಇಷ್ಟು ವರ್ಷ ಕೊಯ್ದಿದೀಯಲ್ಲ ಮಗಳೇ. ನಿನಗೆ ಒಂದು ಸಲಾನೂ ಕಾಣ್ಲಿಲ್ವಾ?"

ಅವರಿಗೆ ನೆನಪೇ ಇರಲಿಲ್ಲ. ತನ್ನ ಕಣ್ಣಿಗೆ ಇಡೀ ಬದುಕಿನ ನಡಿಗೆ ಕಲಿಸಿದ ಆ ಕೆಂಪು ಗೀಟು ಅವರ ಪಾಲಿಗೆ ಅವತ್ತು ಹಾಕಿದ ಹತ್ತಾರು ಗೀಟುಗಳಲ್ಲಿ ಒಂದು. ಕೋಪ ಬರುತ್ತದೆಂದು ಕಾದಳು. ಬರಲಿಲ್ಲ. ಮೇಜಿನ ಮೇಲೆ ಬರಿಗಾಲಿನ ಮುದುಕನೊಬ್ಬನ ಕಾಲುಚೀಲ, ಅದರೊಳಗೆ ಅವನ ಬೆರಳು.

"ಕಂಡಿತ್ತು."

"ಮತ್ತೆ ಹೇಳ್ಬಾರದಿತ್ತಾ?"

"ಹೇಳಿದ್ದೆ, ಅಪ್ಪ."

ಚಹಾದ ಮೇಲೆ ಕೆನೆ ಕಟ್ಟಿತು. ಅಪ್ಪನ ಬೆರಳು ಕಾಲುಚೀಲದಿಂದ ಮೆಲ್ಲಗೆ ಹೊರಬಂದು ಮೇಜಿನ ಮೇಲೆ ತಡಕಾಡಿ ಹಾಳೆಯನ್ನು ಮುಟ್ಟಿತು, ಅಳಿಸಿದ ಗೆರೆಯನ್ನು ಹುಡುಕಿ ಹಿಡಿಯಿತು. ಏನು ನೆನಪಾಯಿತೋ, ನೆನಪಾಗಲಿಲ್ಲವೋ, ಅವಳು ಕೇಳಲಿಲ್ಲ.  ಅವರು ಪೆನ್ಸಿಲ್ ಕೊಡು ಎಂದರು. ಅವಳು ತನ್ನ ಚೀಲದಲ್ಲಿದ್ದ ಕೆಂಪು ಪೆನ್ಸಿಲನ್ನು ಕೊಟ್ಟಳು. ಎಡಗೈ ಬೆರಳನ್ನು ಕಾಲುವೆಯ ಬುಡದಲ್ಲಿ ಊರಿಕೊಂಡು, ಅದರ ಹಿಂದೆಯೇ ಪೆನ್ಸಿಲ್ ತಂದು, ಅಳಿಸಿದ ಗೆರೆಯನ್ನು ಅಪ್ಪ ಕೆಂಪಿನಲ್ಲಿ ತಿದ್ದತೊಡಗಿದರು. ಗೆರೆ ನಡುಗುತ್ತಿತ್ತು. ಹತ್ತಿತು, ಬಾಗಿತು, ಇಳಿಯಿತು. ಆಮೇಲೆ, ಮಕ್ಕಳ ಹಾಳೆಗಳಿಗೆಲ್ಲ ಹಾಕುತ್ತಿದ್ದ ಹಾಗೆ ಮೂಲೆಯಲ್ಲಿ ಸಹಿ ಹಾಕಲು ಹೊರಟರು. ಹಾಳೆ ಎಲ್ಲಿ ಮುಗಿಯಿತೆಂದು ತಿಳಿಯದೆ ಸಹಿಯ ಅರ್ಧ ಕಾಗದದ ಮೇಲೆ ಬಿತ್ತು, ಅರ್ಧ ಮೇಜಿನ ಮರದ ಮೇಲೆ. ಕಟ್ಟು ಹಾಕುವ ಬಡಗಿಗೆ ಬೆಳಗ್ಗೆಯೇ ಹೇಳಿಬಿಡು, ಗಾಜಿನೊಳಗೆ ಹೋಗುವುದು ಇದು ಎಂದರು. ಆಮೇಲೆ ಕಾಲುಚೀಲ ಕೇಳಿದರು. ಅವಳು ಅದರ ತುದಿಯನ್ನು ಹೊರಕ್ಕೆಳೆದು, ಬಗ್ಗಿ, ಅವರ ಕಾಲಿಗೆ ಹಾಕಿದಳು. ಮೇಜಿನ ಮೇಲಿನ ಅರ್ಧ ಸಹಿಯನ್ನು ಒರೆಸಲು ಅವಳಿಗೆ ಮನಸ್ಸಾಗಲಿಲ್ಲ.